ಅಪ್ಪನ ಕೆರೆಯ ದಂಡೆಗೆ

ಮೇ ತಿಂಗಳಲ್ಲಿ ಕಲಬುರಗಿಯೊಳಗೆ ಸೈಕಲ್ ಹೊಡೆಯಬೇಕೆಂದರೆ ಐದೂವರೆಗೇ ಮನೆ ಬಿಡಬೇಕು. ಎಂಟಾಗುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತದೆ. ಅಣ್ಣನ ಮಗನ ಸೈಕಲನ್ನು ಸದ್ದಾಗದಂತೆ ಓಣಿಗೆ ಇಳಿಸಿದೆ. ಮನೆಯವರೆಲ್ಲ ಇನ್ನೂ ಮಾಳಿಗೆಯ ಮೇಲೆ ಮಲಗಿದ್ದರು. ಅವ್ವ ಹೋದ ಮೇಲೆ ಇದು ಮೊದಲ ಬೇಸಿಗೆ. ಊರವರು ಅಪ್ಪನ ಕೆರೆ ಅನ್ನುವ ಶರಣಬಸವೇಶ್ವರ ಕೆರೆಗೆ ಒಬ್ಬನೇ ಹೋಗಬೇಕು ಅನಿಸಿತ್ತು.

ಸ್ಟೇಷನ್ ರೋಡ್ ಖಾಲಿ ಇತ್ತು. ಹಿಂದೆ ಮುಂಬೈ ಕಡೆಯ ಗಾಡಿಯೊಂದು ಕೂಗಿತು. ಬಂಡಿಯವನೊಬ್ಬ ಸುಸಲಾಕ್ಕೆ ಚುರುಮುರಿ ನೆನೆಸುತ್ತಿದ್ದ. ಪಟೇಲ್ ಸರ್ಕಲ್ ದಾಟಿ ಕೆರೆ ಹತ್ತಿರವಾದಂತೆ ಗಾಳಿಯೇ ಬದಲಾಯಿತು. ಬಿಸಿಲನಾಡಿನವರಿಗೆ ನೀರಿನ ಮೇಲಿಂದ ಬಂದ ಗಾಳಿ ಮೈಗೆ ತಾಗಿದರೆ ಗೊತ್ತಾಗದೇ ಇರುವುದಿಲ್ಲ. ಬೆವೆತ ಕುತ್ತಿಗೆ ಒಮ್ಮೆಲೇ ತಣ್ಣಗಾಯಿತು, ಕಾಲು ತಾನಾಗಿಯೇ ಪೆಡಲ್ ತುಳಿಯುವುದು ನಿಲ್ಲಿಸಿತು.

ದಂಡೆಯ ಅಂಚಿಗೆ ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಚೀಲ ತೇಲುತ್ತಿದ್ದವು. ನೋಡಿ ಸಂಕಟವಾಯಿತು. ಆಚೆ ನೀರು ಅಲುಗಾಡದೆ ನಿಂತಿತ್ತು. ನೀರುಕಾಗೆಯೊಂದು ಮುಳುಗಿ, ನಾನು ನೋಡುತ್ತಿದ್ದ ಕಡೆ ಬಿಟ್ಟು ಇನ್ನೆಲ್ಲೋ ಎದ್ದಿತು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು ಕೇಳಿದರು: "ಯಾವೂರ್ರಿ ತಮ್ಮಾ?"

"ಇದೇ ಊರ್ರಿ ಕಾಕಾ" ಅಂದೆ. ಅಂದ ಮೇಲೆ ಗಂಟಲು ಕಟ್ಟಿತು.

ಸೋಮವಾರ ಶರಣಬಸವೇಶ್ವರ ಗುಡಿಗೆ ಬಂದವಳು ಅವ್ವ ದಾಸೋಹದ ಪ್ರಸಾದ ಮುಗಿಸಿ ಈ ದಂಡೆಗೆ ಬರುತ್ತಿದ್ದಳು. ಜಾತ್ರೆಯಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು, ತೇರಿನಿಂದ ಶರಣರ ಪವಿತ್ರ ಪರುಷ ಬಟ್ಟಲು ತೋರಿಸುವ ಗಳಿಗೆಗಾಗಿ ಆ ಜನಸಾಗರದಲ್ಲಿ ಕಾಯುತ್ತಿದ್ದವಳೂ ಅವಳೇ. ಆದರೆ ನನಗೆ ಉಳಿದಿರುವುದು ತೇರಲ್ಲ, ದಂಡೆಯಲ್ಲಿ ಕೂತು ಅವಳು ಹೇಳುತ್ತಿದ್ದ ಕಥೆ. ಶರಣಬಸವೇಶ್ವರರು ಜೇವರ್ಗಿ ಕಡೆಯ ಅರಳಗುಂಡಗಿಯವರು, ಒಕ್ಕಲುತನದ ಮನೆಯವರು. 1822ರಲ್ಲಿ ಲಿಂಗೈಕ್ಯರಾದರು. ಅವ್ವನಿಗೆ ಇಸವಿ ಬೇಕಿರಲಿಲ್ಲ. "ಹಕ್ಕಿ ಓಡಸು ಅಂತ ಹೊಲಕ್ಕ ಕಳಿಸಿದ್ರ, ಶರಣಪ್ಪ ಏನ್ ಮಾಡಿದ ಗೊತ್ತದ? ತಿನ್ನಾಕ ತೆನಿ ಬಿಟ್ಟ, ಕುಡಿಲಾಕ ನೀರೂ ಇಟ್ಟ." ಪ್ರತಿ ಸಲವೂ ನೀರಿನ ಮಾತಿಗೆ ಬಂದಾಗ ಅವಳ ದನಿ ಇಳಿಯುತ್ತಿತ್ತು. ತೆನೆ ಬಿಡುವುದು ದೊಡ್ಡದಲ್ಲ, ಬಾಯಾರಿಕೆ ನೆನಪಿಡುವುದು ದೊಡ್ಡದು ಎಂಬಂತೆ.

ಅದಕ್ಕೇ ನಮ್ಮ ಮಾಳಿಗೆಯ ಮೇಲೆ ಶಿವರಾತ್ರಿಯಿಂದ ಮಳೆ ಬೀಳುವವರೆಗೂ ಒಂದು ಪರಾತ ಇರುತ್ತಿತ್ತು. ಹಳೆಯ ಅಲ್ಯೂಮಿನಿಯಂ ಪರಾತ, ಒಂದು ಕಡೆ ತಗ್ಗು ಬಿದ್ದದ್ದು. ಬೋರಿನ ಗಡಸು ನೀರು ಆರಿ ಆರಿ ಒಳಗೆಲ್ಲ ಬಿಳಿ ಗೆರೆಗಳು, ಒಂದರ ಕೆಳಗೊಂದು. ನಡುವೆ ಶಹಾಬಾದ್ ಫರ್ಸಿಯ ಒಂದು ತುಂಡು, ಗುಬ್ಬಿ ಕೂಡಲಿಕ್ಕೆ. ಮಧ್ಯಾಹ್ನದ ಹೊತ್ತಿಗೆ ನೀರು ಕಾದುಬಿಡುತ್ತಿತ್ತು. ಆಕೆ ಬರಿಗಾಲಲ್ಲೇ ಹತ್ತಿ ಬದಲಾಯಿಸಿ ಬರುತ್ತಿದ್ದಳು.

ಹೋದ ವರ್ಷ ಹಾಸಿಗೆ ಹಿಡಿದಾಗ ಫೋನಿನಲ್ಲಿ ಕೇಳಿದ್ದಳು, "ಅಲ್ಲಿ ಬೆಂಗಳೂರಾಗ ಹಕ್ಕಿಗಿ ನೀರಿಡ್ತಿಯೇನಪಾ?" ಇಡ್ತೀನವ್ವಾ ಅಂದಿದ್ದೆ. ಒಂದು ದಿನವೂ ಇಟ್ಟಿರಲಿಲ್ಲ.

ಏಳಕ್ಕೆ ಬಿಸಿಲು ನೀರಿನ ಮೇಲೆ ಚುರುಕಾಗಿ ಕಣ್ಣಿಗೆ ಚುಚ್ಚತೊಡಗಿತು. ನೀರುಕಾಗೆ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತಿತ್ತು. ಅದು ಹಾರಿದ ಮೇಲೆ ಎದ್ದೆ.

ಮನೆ ಮುಟ್ಟಿದಾಗ ವೈನಿ ರೊಟ್ಟಿ ಬಡಿಯುತ್ತಿದ್ದರು. "ಹೊತ್ತಾರೆ ಎಲ್ಲಿಗಿ ಹೋಗಿದ್ರಿ?"

"ಅಪ್ಪನ ಕೆರಿಗಿ. ವೈನೀ, ಅವ್ವನ ಪರಾತ ಎಲ್ಲದ?"

ಅವರು ಹಿಟ್ಟಿನ ಕೈ ಎತ್ತಿ ಅಟ್ಟ ತೋರಿಸಿದರು.