ನಾಲ್ಕೂವರೆಗೆ ಕತ್ತಲಾಗುವ ಊರಿಗೆ

ಆಗಸ್ಟ್ 24, 2025, ಭಾನುವಾರ
ತೀರ್ಥಹಳ್ಳಿ

ನಾಳೆ ಬೆಳಿಗ್ಗೆ ಎಂಟಕ್ಕೆ ರೈಲು ಬುಕಿಂಗ್ ಶುರು. ಅಕ್ಟೋಬರ್ 24, ಶುಕ್ರವಾರ, ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ ಗುವಾಹಟಿ. ಜನವರಿ ಮಧ್ಯದವರೆಗೆ ಆ ಕಡೆಯೇ ಇದ್ದು, ಅಲ್ಲಿಂದಲೇ ಆಫೀಸ್ ಕೆಲಸ ಮಾಡುವ ಯೋಚನೆ. ಮೊದಲೆಲ್ಲ ರೈಲು ಟಿಕೆಟ್ ನಾಲ್ಕು ತಿಂಗಳು ಮುಂಚೆಯೇ ಸಿಗುತ್ತಿತ್ತು. ಹೋದ ವರ್ಷದ ನವೆಂಬರ್‌ನಿಂದ ಅದನ್ನು 60 ದಿನಕ್ಕೆ ಇಳಿಸಿದ್ದಾರೆ. ಎಲ್ಲರೂ ಬೈತಾರೆ, ನನಗೆ ಮಾತ್ರ ಒಳ್ಳೆಯದೇ ಆಯಿತು. ಜೂನ್‌ನಲ್ಲಿ ಬುಕ್ ಮಾಡು ಅಂದಿದ್ದರೆ ಭುಜ್‌ಗೆ ಮಾಡಿರುತ್ತಿದ್ದೆ.

ಹೌದು, ಮೊದಲ ಆಸೆ ಕಛ್. ಬಿಳಿ ಉಪ್ಪಿನ ಬಯಲು, ಚಳಿಗಾಲ, ಹುಣ್ಣಿಮೆ. ಅದಕ್ಕೂ ಮುಂಚೆ ಲಡಾಖ್. ಅಲ್ಲಿ ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಸಿಮ್ ಬದಲಾಯಿಸೋಣ, ಅದೇನು ದೊಡ್ಡ ವಿಷಯ ಅಲ್ಲ. ಆದರೆ ಡಿಸೆಂಬರ್‌ನ ಲೇಹ್‌ನಲ್ಲಿ ಕೊಳಾಯಿ ನೀರೂ ಹೆಪ್ಪುಗಟ್ಟುತ್ತದೆ. ಕೈಗವಸು ಹಾಕಿಕೊಂಡು ಕೀಬೋರ್ಡ್ ಒತ್ತುವ ಧೈರ್ಯ ನನಗಿಲ್ಲ.

ಕಛ್ ಕೈಬಿಟ್ಟಿದ್ದಕ್ಕೆ ಕಾರಣ ಬೇರೆ, ನನ್ನ ಶಿಫ್ಟ್.

ನಮ್ಮ ಕ್ಲೈಂಟ್ ಲಂಡನ್‌ನವರು. ಅವರಿಗೆ ಬೆಳಿಗ್ಗೆ ಒಂಬತ್ತಾದಾಗ ನಮಗೆ ಮಧ್ಯಾಹ್ನ ಒಂದೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮಾರ್ಚ್ ಕೊನೆಯವರೆಗೆ ನಮ್ಮ ಕೆಲಸ ಎರಡೂವರೆಗೆ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ. ಬೆಂಗಳೂರಿನಲ್ಲಿ ಈ ಶಿಫ್ಟ್‌ಗೆ ಬೈದುಕೊಂಡಿದ್ದಕ್ಕೆ ಲೆಕ್ಕವಿಲ್ಲ. ಗೆಳತಿಯರೆಲ್ಲ ಸಂಜೆ ಸೇರುವಾಗ ನಾನು ಮೀಟಿಂಗ್‌ನಲ್ಲಿ. ನನಗೆ ಬಿಡುವಿರುವ ಬೆಳಗಿನ ಹೊತ್ತು ಅವರೆಲ್ಲ ಆಫೀಸ್ ಕ್ಯಾಬ್‌ನಲ್ಲಿ.

ಈಗ ಭುಜ್ ನೋಡಿ. ದೇಶದ ಪಶ್ಚಿಮದ ತುದಿ. ಜನವರಿಯಲ್ಲಿ ಅಲ್ಲಿ ಸೂರ್ಯ ಮೂಡುವುದೇ ಏಳೂವರೆ ಸುಮಾರಿಗೆ. ಎದ್ದು, ಚಹಾ ಕುಡಿದು, ಗಾಡಿ ಹತ್ತಿ, ಎಲ್ಲಾದರೂ ಹೋಗಿ ಎರಡೂವರೆಗೆ ವಾಪಸ್ ಬಂದು ಕೂರಬೇಕು. ಕಛ್‌ನ ಚೆಂದ ಇರುವುದೋ ಸಂಜೆಗೆ. ಬಿಳಿ ರಣ್ ಮೇಲೆ ಸೂರ್ಯ ಮುಳುಗುವಾಗ ನಾನು ರೂಮಿನಲ್ಲಿ ಕ್ಲೈಂಟ್ ದೂರುಗಳ ಟಿಕೆಟ್ ಕ್ಲೋಸ್ ಮಾಡ್ತಾ ಇರುತ್ತೇನೆ. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಅಲ್ವಾ?

ಪೂರ್ವದ ಕಡೆ ಲೆಕ್ಕ ಹಾಕಿದಾಗ ನಗು ಬಂತು. ನಮ್ಮ ದೇಶಕ್ಕೆಲ್ಲ ಒಂದೇ ಸಮಯ, 82.5 ಡಿಗ್ರಿ ರೇಖಾಂಶದ್ದು. ಗುಜರಾತಿನ ತುದಿಗೂ ಅರುಣಾಚಲದ ತುದಿಗೂ ಸೂರ್ಯನ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಗಂಟೆ ವ್ಯತ್ಯಾಸ. ನವೆಂಬರ್ ಮೊದಲ ವಾರ ಗುವಾಹಟಿಯಲ್ಲಿ ಐದೂವರೆಗೆ ಸೂರ್ಯೋದಯ, ನಾಲ್ಕೂಮುಕ್ಕಾಲು ಆಗುವುದರೊಳಗೆ ಸೂರ್ಯಾಸ್ತ. ಡಿಸೆಂಬರ್‌ನಲ್ಲಿ ಜೋರ್ಹಾಟ್‌ನಲ್ಲಿ ನಾಲ್ಕೂ ಇಪ್ಪತ್ತಕ್ಕೇ ಮುಳುಗಿಬಿಡುತ್ತದೆ. ಹತ್ತರಿಂದ ಏಳರ ಕೆಲಸದವರು ಅಲ್ಲಿಗೆ ಹೋದರೆ ಕೆಲಸ ಮುಗಿಸಿ ಹೊರಗೆ ಬರುವಾಗ ಊರಿಗೆ ಊರೇ ಕತ್ತಲು. ನನಗೆ ಉಲ್ಟಾ. ಐದೂವರೆಯಿಂದ ಎರಡೂವರೆಯವರೆಗೆ ಒಂಬತ್ತು ಗಂಟೆ ಬೆಳಕು, ಪೂರ್ತಿ ನನ್ನದು. ಹೊರಗೆ ಕತ್ತಲಾಗುವ ಹೊತ್ತಿಗೆ ನಾನು ಹೇಗೂ ಕುರ್ಚಿಯಲ್ಲಿ. ಬೈದುಕೊಂಡ ಶಿಫ್ಟೇ ಊರು ಆರಿಸಿಕೊಟ್ಟಿತು.

ಅಸ್ಸಾಂನ ಚಹಾ ತೋಟಗಳಲ್ಲಿ ಬ್ರಿಟಿಷರ ಕಾಲದಿಂದಲೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡೇ ಕೆಲಸ ಮಾಡುತ್ತಾರೆ. ಬಾಗಾನ್ ಟೈಮ್ ಅಂತಾರೆ. 2018ರಲ್ಲಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ವಿಜ್ಞಾನಿಗಳೂ ದೇಶಕ್ಕೆ ಎರಡು ಸಮಯ ಬೇಕು ಅಂತ ಬರೆದಿದ್ದರು. ಸರ್ಕಾರ ಒಪ್ಪಲಿಲ್ಲ. ಅಲ್ಲಿನವರಿಗೆ ಅದು ಕಷ್ಟವೇ. ಕರೆಂಟ್ ಬಿಲ್ ಜಾಸ್ತಿ, ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಅರ್ಧ ಬೆಳಗೇ ಮುಗಿದಿರುತ್ತದೆ. ಅವರ ಕಷ್ಟದಲ್ಲಿ ನನಗೆ ಲಾಭ ಅನ್ನುವುದು ಸ್ವಲ್ಪ ಮುಜುಗರ. ಆದರೂ ಹೋಗ್ತೀನಿ.

ಪ್ಲಾನ್ ಇಷ್ಟೇ. ನವೆಂಬರ್ ಪೂರ್ತಿ ಶಿಲ್ಲಾಂಗ್. ಡಿಸೆಂಬರ್‌ನಿಂದ ಜನವರಿ ಮಧ್ಯದವರೆಗೆ ಜೋರ್ಹಾಟ್. ಮೂರು ದಿನಕ್ಕೊಂದು ಊರು ಬದಲಾಯಿಸುವವರ ವಿಡಿಯೊ ನಾನೂ ನೋಡಿದ್ದೇನೆ. ಅವರಲ್ಲಿ ಎಷ್ಟು ಜನಕ್ಕೆ ದಿನಕ್ಕೆ ಎಂಟು ಗಂಟೆ ಕೆಲಸ ಇರುತ್ತದೋ ದೇವರೇ ಬಲ್ಲ. ಊರು ಬದಲಾಯಿಸಬೇಕಾದರೆ ಶನಿವಾರವೇ ಬದಲಾಯಿಸಬೇಕು, ಭಾನುವಾರ ನೆಟ್ ನೋಡಿಕೊಳ್ಳಬೇಕು, ಸೋಮವಾರ ಏನೂ ಆಗಿಲ್ಲದವಳ ಹಾಗೆ ಲಾಗಿನ್ ಆಗಬೇಕು. ಪ್ರತಿ ವಾರ ಇದನ್ನು ಮಾಡಿದರೆ ನೋಡಲು ಉಳಿಯುವುದು ಬಸ್‌ಸ್ಟ್ಯಾಂಡ್ ಮಾತ್ರ.

ಶಿಲ್ಲಾಂಗ್‌ನಲ್ಲಿ ಲೈತುಮ್‌ಖ್ರಾ ಕಡೆ ಒಂದು ಹೋಮ್‌ಸ್ಟೇ ಮಾತಾಡಿದ್ದೇನೆ. ಆನ್‌ಲೈನ್‌ನಲ್ಲಿ ದಿನದ ರೇಟ್ ನೋಡಿದರೆ ತಲೆ ತಿರುಗುತ್ತದೆ. ಫೋನ್ ಮಾಡಿ ತಿಂಗಳಿಗೆ ಎಷ್ಟು ಅಂತ ಕೇಳಿದರೆ ಮಾತೇ ಬೇರೆ. ಹದಿನೆಂಟು ಸಾವಿರಕ್ಕೆ ಒಪ್ಪಿದರು. ಬೆಂಗಳೂರಿನ ಪಿಜಿಗೆ ಊಟ ಸೇರಿ ಹದಿಮೂರು ಕೊಡುತ್ತಿದ್ದೆ. ಅದನ್ನು ಸೆಪ್ಟೆಂಬರ್‌ಗೆ ಬಿಡುತ್ತಿದ್ದೇನೆ. ಹಬ್ಬ ಮುಗಿದ ಮೇಲೆ ಹೋಗಿ ಸಾಮಾನು ತರಬೇಕು. ಅಡ್ವಾನ್ಸ್‌ನಲ್ಲಿ ಮೆಂಟೆನೆನ್ಸ್ ಅಂತ ಮುರಿದುಕೊಳ್ಳುವುದು ಇದ್ದೇ ಇದೆ. ಎರಡು ಕಡೆ ಬಾಡಿಗೆ ಕಟ್ಟಿಕೊಂಡು ತಿರುಗುವುದು ನನ್ನ ಸಂಬಳಕ್ಕೆ ಆಗದ ಮಾತು.

ಹೋಮ್‌ಸ್ಟೇ ಫೋಟೊಗಳಲ್ಲಿ ಕಿಟಕಿ ಇರುತ್ತದೆ, ಹೂಕುಂಡ ಇರುತ್ತದೆ, ಬೆಟ್ಟ ಇರುತ್ತದೆ. ಕುರ್ಚಿ ಮಾತ್ರ ಇರುವುದಿಲ್ಲ. ನನಗೆ ಬೇಕಾಗಿದ್ದು ಕುರ್ಚಿ. ಇಲ್ಲಿ ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತು ಕೂತು ಸೊಂಟ ಹಿಡಿದುಹೋಗಿದೆ. ಹಾಗಾಗಿ ಆ ಮನೆಯವರಿಗೆ ಮೇಜು ಕುರ್ಚಿಯ ಫೋಟೊ ಕಳಿಸಿ ಅಂತ ಕೇಳಿದೆ. ಮೊದಲು ಡ್ರೆಸ್ಸಿಂಗ್ ಟೇಬಲ್ ಫೋಟೊ ಬಂತು. ಆಮೇಲೆ ವಿಷಯ ಅರ್ಥವಾಗಿ, ಮಗ ಓದಲು ಬಳಸುತ್ತಿದ್ದ ಮೇಜನ್ನು ನನ್ನ ರೂಮಿಗೆ ತಂದಿಟ್ಟು, ಪಕ್ಕದಲ್ಲಿ ಬಟ್ಟೆ ಹೊಲಿಯುವ ಟೇಪ್ ಇಳಿಬಿಟ್ಟು ಎತ್ತರ ಕಾಣುವ ಹಾಗೆ ಫೋಟೊ ತೆಗೆದು ಕಳಿಸಿದರು. ಎಪ್ಪತ್ತನಾಲ್ಕು ಸೆಂಟಿಮೀಟರ್. ಆ ಫೋಟೊ ನೋಡಿಯೇ ಅಡ್ವಾನ್ಸ್ ಹಾಕಿದೆ.

ಕೇಳಿದ ಇನ್ನೊಂದು ವಿಷಯ, ರಾತ್ರಿ ಒಂಬತ್ತಕ್ಕೆ ನೆಟ್ ಸ್ಪೀಡ್ ಎಷ್ಟಿರುತ್ತದೆ ಅನ್ನುವುದು. ಬೆಳಿಗ್ಗೆ ಎಲ್ಲರ ಮನೆಯ ನೆಟ್ಟೂ ಚೆನ್ನಾಗಿರುತ್ತದೆ. ಅಕ್ಕಪಕ್ಕದವರೆಲ್ಲ ಮೊಬೈಲ್ ಹಿಡಿದು ಕೂತಾಗ ಏನಾಗುತ್ತದೆ ಅದನ್ನು ನೋಡಬೇಕು. ಜಿಯೊ, ಏರ್‌ಟೆಲ್ ಎರಡೂ ಸಿಮ್ ಇಟ್ಟುಕೊಳ್ಳುತ್ತೇನೆ. ಇದೆಲ್ಲ ಕಲಿತಿದ್ದು ಈ ಮಳೆಗಾಲದಲ್ಲಿ ಮನೆಯಿಂದ ಕೆಲಸ ಮಾಡಿ. ಮಲೆನಾಡಿನ ಜುಲೈನಲ್ಲಿ ಕರೆಂಟ್ ಇಲ್ಲದೆ, ಇನ್ವರ್ಟರ್ ಬೀಪ್ ಬೀಪ್ ಅನ್ನುವಾಗ ಡೆಮೊ ಕೊಟ್ಟವಳಿಗೆ ಶಿಲ್ಲಾಂಗ್ ಏನು ಮಾಡೀತು?

ಇನ್ನು ರಾತ್ರಿ ಊಟ. ಅಲ್ಲಿ ಕತ್ತಲು ಬೇಗ, ಅಂಗಡಿಗಳೂ ಬೇಗ ಬಾಗಿಲು ಹಾಕುತ್ತವೆ. ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಎದ್ದರೆ ಹೊರಗೆ ಏನೂ ಸಿಗುವುದಿಲ್ಲ. ಏಳೂವರೆಗೆ ಬ್ರೇಕ್ ತೆಗೆದುಕೊಂಡು ಮನೆಯವರ ಜೊತೆಗೇ ಊಟ ಮುಗಿಸುವುದು ಅಂತ ಮಾತಾಗಿದೆ. ಅದರ ಮೇಲೆ ಹಸಿವಾದರೆ ಎಲೆಕ್ಟ್ರಿಕ್ ಕೆಟಲ್, ತೆಳು ಅವಲಕ್ಕಿ, ಚಟ್ನಿಪುಡಿ.

ಕಂಪನಿಯ ಕಡೆಯಿಂದ ಜಾಸ್ತಿ ತಕರಾರು ಬರಲಿಲ್ಲ. ಲ್ಯಾಪ್‌ಟಾಪ್ ದೇಶದ ಹೊರಗೆ ಹೋಗಬಾರದು, ಇರುವ ಊರಿನ ವಿಳಾಸ ಕೊಟ್ಟಿರಬೇಕು, ಕೆಫೆಯ ವೈಫೈ ಬೇಡ. ಮ್ಯಾನೇಜರ್ ಹೂಂ ಅಂದಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಂಡಿದ್ದೇನೆ. ಮ್ಯಾನೇಜರ್ ಬದಲಾಗಬಹುದು, ಇಮೇಲ್ ಇರುತ್ತದೆ.

ಮನೆಯದು ಬೇರೆ ಕತೆ. ಅಮ್ಮನಿಗೆ ಇವತ್ತು ಮಧ್ಯಾಹ್ನ ಹೇಳಿದೆ.

"ಒಬ್ಳೇನಾ?"

"ಹೂಂ."

"ಅಲ್ಲ ಕಣೇ, ಜೊತೆಗೆ ಯಾರೂ ಇಲ್ದೆ ಅಷ್ಟು ದೂರ ಹೋಗಿ ಏನು ನೋಡ್ತೀಯಾ? ಮಳೆ ನೋಡೋಕೆ ಚಿರಾಪುಂಜಿಗೆ ಹೋಗ್ಬೇಕಾ? ಆಗುಂಬೆ ಇಲ್ವಾ ಇಲ್ಲೇ?"

ಮಳೆ ನಿಂತ ಮೇಲೇ ಹೋಗೋದಮ್ಮ ಅಂದೆ. ಮಳೆ ಇಲ್ಲದ ಚಿರಾಪುಂಜಿಯಲ್ಲಿ ಮತ್ತೇನಿದೆ ಅಂದರು. ಬೇರಿನ ಸೇತುವೆ ಇದೆ ಅಂತ ಮೊಬೈಲ್‌ನಲ್ಲಿ ತೋರಿಸಿದೆ. ಹೊಳೆಯ ಎರಡೂ ದಡದ ರಬ್ಬರ್ ಅತ್ತಿ ಮರದ ಬೇರುಗಳನ್ನು ವರ್ಷಗಟ್ಟಲೆ ಹಬ್ಬಿಸಿ ಖಾಸಿ ಜನ ಮಾಡಿಕೊಂಡ ದಾರಿ. ನಾಂಗ್ರಿಯಾಟ್‌ನಲ್ಲಿ ಒಂದರ ಮೇಲೊಂದು ಎರಡು ಸೇತುವೆ, ಅಲ್ಲಿಗೆ ಇಳಿಯಲು ಮೂರು ಸಾವಿರದಷ್ಟು ಮೆಟ್ಟಿಲು. ಅಮ್ಮ ಫೋಟೊ ದೊಡ್ಡದು ಮಾಡಿ ನೋಡಿದರು. "ನಮ್ಮ ತೋಟದ ಸಂಕಕ್ಕಿಂತ ಗಟ್ಟಿ ಉಂಟು" ಅಂತ ಹೇಳಿ ಒಳಗೆ ಹೋದರು. ಅದು ಒಪ್ಪಿಗೆಯೋ ಅಲ್ಲವೋ ಗೊತ್ತಾಗಲಿಲ್ಲ.

ಅಜ್ಜಿಗೆ ಇದ್ದ ಅನುಮಾನ ಒಂದೇ, ಅಲ್ಲಿ ಅನ್ನ ತಿಂತಾರಾ ಅಂತ. ಅಸ್ಸಾಂನವರು ಬೆಳಿಗ್ಗೆ ತಿಂಡಿಗೆ ಅವಲಕ್ಕಿ, ಮೊಸರು, ಬೆಲ್ಲ ಕಲಸಿ ತಿಂತಾರೆ, ಮನೆಗೆ ಬಂದವರಿಗೆ ಮೊದಲು ಅಡಿಕೆ ವೀಳ್ಯದೆಲೆ ಕೊಡ್ತಾರೆ ಅಂದೆ. ಅಜ್ಜಿಯ ಮಟ್ಟಿಗೆ ಅಸ್ಸಾಂ ಅಲ್ಲಿಗೆ ಪಾಸ್.

ಅಡಿಕೆ ಅಂದಿದ್ದೇ ತಡ, ಅಪ್ಪ ಪೇಪರ್ ಮಡಚಿಟ್ಟರು. ಹಬ್ಬ ಮುಗಿದ ಕೂಡಲೇ ತೋಟದ ಅಡಿಕೆಯ ಕೊಳೆರೋಗಕ್ಕೆ ಇನ್ನೊಂದು ಸುತ್ತು ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಬಿಡುವು ಕೊಡುತ್ತಿಲ್ಲ ಅಂತ ಮೊದಲೇ ತಲೆಬಿಸಿಯಲ್ಲಿದ್ದರು. "ಆ ಕಡೆಯಿಂದಲೇ ಅಲ್ವಾ ಪುಟ್ಟಿ, ಬರ್ಮಾ ಅಡಿಕೆ ಕದ್ದು ಒಳಗೆ ಬರೋದು? ಹೋದವಳು ಅಲ್ಲಿ ಕೆಜಿಗೆ ಎಷ್ಟು ಅಂತ ಕೇಳ್ಕೊಂಡು ಬಾ." ಹೀಗೆ ನನ್ನ ಪ್ರವಾಸಕ್ಕೆ ಒಂದು ಸರ್ಕಾರಿ ಉದ್ದೇಶವೂ ಸಿಕ್ಕಿತು.

ಜೋರ್ಹಾಟ್ ಯಾಕೆ ಅಂದರೆ ಮಾಜುಲಿಗಾಗಿ. ಬ್ರಹ್ಮಪುತ್ರೆಯ ನಡುವಿನ ದ್ವೀಪ, ಸಂತ ಶಂಕರದೇವರ ಪರಂಪರೆಯ ಸತ್ರಗಳು ಅಂದರೆ ವೈಷ್ಣವ ಮಠಗಳು, ಸಾಮಗುರಿ ಸತ್ರದಲ್ಲಿ ಮಾಡುವ ಮುಖವಾಡಗಳು. ಅಲ್ಲೇ ತಿಂಗಳು ಇರುವ ಆಸೆ ಇತ್ತು. ಆದರೆ ದ್ವೀಪದಲ್ಲಿ ನೆಟ್ ಕೈಕೊಟ್ಟರೆ, ಸಂಜೆ ಮೇಲೆ ಫೆರಿಯೂ ಇಲ್ಲದೆ, ನಾನೂ ಲ್ಯಾಪ್‌ಟಾಪೂ ಮುಖ ಮುಖ ನೋಡಿಕೊಂಡು ಕೂರಬೇಕು. ಜೋರ್ಹಾಟ್‌ನಲ್ಲಿದ್ದರೆ ಶನಿವಾರ ನಿಮಾತಿ ಘಾಟ್‌ನಲ್ಲಿ ಫೆರಿ ಹತ್ತಬಹುದು, ಭಾನುವಾರ ವಾಪಸ್.

ಡಿಸೆಂಬರ್ 1ರಿಂದ 10ರವರೆಗೆ ಕೊಹಿಮಾ ಹತ್ತಿರ ನಾಗಾ ಬುಡಕಟ್ಟುಗಳ ಹಾರ್ನ್‌ಬಿಲ್ ಉತ್ಸವ. ಅದಕ್ಕೆ ಎರಡು ದಿನ ರಜೆ ಹಾಕುತ್ತೇನೆ. ನಾಗಾಲ್ಯಾಂಡ್‌ಗೆ ಹೊರರಾಜ್ಯದವರು ಹೋಗಲು ಇನ್ನರ್ ಲೈನ್ ಪರ್ಮಿಟ್ ಬೇಕು, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. 1873ರ ಬ್ರಿಟಿಷ್ ಕಾನೂನು ಇನ್ನೂ ನಡೆಯುತ್ತಿದೆ. ಅರುಣಾಚಲಕ್ಕೂ ಅದೇ ಪರ್ಮಿಟ್, ಅದಕ್ಕೆ ದಿನಗಳ ಮಿತಿ ಬೇರೆ. ತಿಂಗಳುಗಟ್ಟಲೆ ಕೂತು ಕೆಲಸ ಮಾಡುವವರಿಗೆ ಪರ್ಮಿಟ್ ಬೇಡದ ಅಸ್ಸಾಂ, ಮೇಘಾಲಯವೇ ಸರಿ.

ಉತ್ಸವದ ದಿನಗಳಲ್ಲಿ ಕೊಹಿಮಾದ ರೂಮ್ ರೇಟ್ ನೋಡಿದೆ. ಆ ವಿಷಯ ಅಮ್ಮನಿಗೆ ಹೇಳಿಲ್ಲ.

ಆಗಸ್ಟ್ 25, ಸೋಮವಾರ

ಎಂಟಕ್ಕೆ ಐದು ನಿಮಿಷ ಇರುವಾಗ ಕರೆಂಟ್ ಹೋಯಿತು. ಮೊಬೈಲ್ ಡೇಟಾ ಹಾಕಿಕೊಂಡು ಮಾಳಿಗೆ ಮೆಟ್ಟಿಲ ಮೇಲೆ ಕೂತೆ, ಅಲ್ಲಿ ಎರಡು ಕಡ್ಡಿ ಜಾಸ್ತಿ ಬರುತ್ತದೆ. ಥರ್ಡ್ ಎಸಿ, ಸೈಡ್ ಲೋವರ್ ಸಿಕ್ಕಿತು. ಶನಿವಾರ, ಭಾನುವಾರ ಎರಡೂ ರೈಲಿನಲ್ಲೇ ಕಳೆಯುತ್ತದೆ, ಕಿಟಕಿ ಪಕ್ಕ ಒಬ್ಬಳೇ ಕೂರಲು ಅದಕ್ಕಿಂತ ಒಳ್ಳೆಯ ಸೀಟಿಲ್ಲ. ಸೈಡ್ ಅಪ್ಪರ್‌ನವರು ಹಗಲು ಕೆಳಗೆ ಬಂದು ಅರ್ಧ ಜಾಗ ಕೇಳದಿದ್ದರೆ ಸಾಕು. ಸೋಮವಾರ ಒಂದು ದಿನ ರಜೆ ಹಾಕಿದ್ದೇನೆ.

ಜನವರಿ ಮಧ್ಯದಲ್ಲಿ ಅಲ್ಲಿ ಮಾಘ ಬಿಹು, ನಮ್ಮ ಸಂಕ್ರಾಂತಿಯ ಹೊತ್ತಿಗೇ. ಹುಲ್ಲು ಬಿದಿರಿನ ಗುಡಿಸಲು ಕಟ್ಟಿ, ರಾತ್ರಿ ಅಲ್ಲೇ ಊಟ ಮಾಡಿ, ಬೆಳಿಗ್ಗೆ ಬೆಂಕಿ ಹಾಕುತ್ತಾರೆ. ಅದನ್ನು ನೋಡಿಯೇ ಬರುತ್ತೇನೆ ಅಂದೆ. "ಸಂಕ್ರಾಂತಿಗೂ ಬರಲ್ವಾ ಹಾಗಾದ್ರೆ?" ಅಂದರು ಅಮ್ಮ. ನಾನು ಉತ್ತರ ಹುಡುಕುವುದರೊಳಗೆ ಅವರೇ ಮುಂದುವರಿಸಿದರು. "ಎಳ್ಳುಬೆಲ್ಲ ಕೊರಿಯರ್ ಮಾಡಿದ್ರೆ ಎಷ್ಟು ದಿನಕ್ಕೆ ಮುಟ್ಟುತ್ತೆ ನೋಡು. ವಿಳಾಸ ಇಂಗ್ಲಿಷಲ್ಲಿ ದೊಡ್ಡದಾಗಿ ಬರೆದುಕೊಡು."

ಜೋರ್ಹಾಟ್‌ನಲ್ಲಿ ಮನೆಯೇ ಇನ್ನೂ ಗೊತ್ತಾಗಿಲ್ಲ. ನಾಳೆ ಗೌರಿ, ನಾಡಿದ್ದು ಗಣಪತಿ. ಗುರುವಾರದಿಂದ ಫೋನ್ ಮಾಡಲು ಶುರು ಮಾಡಬೇಕು, ಮೊದಲು ಕುರ್ಚಿ ಕೇಳಬೇಕು.