ಮಾತು ನನ್ನ ಮೂಲಕವೇ ಹೋಗಬೇಕಾಗಿಲ್ಲ

ಮಂಡ್ಯ
12 ನವೆಂಬರ್ 2024, ಮಂಗಳವಾರ

ಇವತ್ತು ನಾಲ್ಕನೇ ಸಭೆ. ಒಂಬತ್ತು ಜನ ಬಂದಿದ್ದರು. ಸಂಜೆ ಹಾಲು ಕರೆದು ಡೇರಿಗೆ ಹಾಕಬೇಕು, ಹಾಗಾಗಿ ಮೂರು ಗಂಟೆಗೆ ಕೂತು ನಾಲ್ಕೂವರೆಗೆ ಏಳುವುದು ಎಂದು ಅವರೇ ಮಾಡಿಕೊಂಡ ನಿಯಮ.

ಗಂಡಂದಿರ ಕುಡಿತದಿಂದ ಸೋತು ಹೋದ ಹೆಂಗಸರ ಗುಂಪು ಇದು, ನಡೆಸುವವಳು ನಾನು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಒಂದು ಊರು, ಅಷ್ಟು ಹೇಳಿದರೆ ಸಾಕು. ಬರೆಯುತ್ತೇನೆ ಎಂದು ಅವರನ್ನು ಕೇಳಿದ್ದೇನೆ. ಹೆಸರು ಬೇಡ ಎಂದಿದ್ದಾರೆ, ಗುರುತು ಸಿಗುವಂಥದ್ದನ್ನೂ ಬಿಟ್ಟಿದ್ದೇನೆ. 'ಇಲ್ಲಿ ಆಡಿದ್ದು ಇಲ್ಲೇ' ಎನ್ನುವುದು ಮೊದಲ ದಿನವೇ ಒಪ್ಪಿಕೊಂಡ ಮಾತು. ಆದರೆ ಓರಗಿತ್ತಿಯರು, ಅಕ್ಕಪಕ್ಕದ ಮನೆಯವರು ಒಂದೇ ಜಮಖಾನದ ಮೇಲೆ ಕೂತಿರುವ ಕಡೆ ಈ ಮಾತು ಸುಲಭ ಅಲ್ಲ. ಅದಕ್ಕೇ ಅವತ್ತೇ ಹೇಳಿದ್ದೆ: ನನ್ನ ಬಾಯಿಗೆ ನಾನು ಜವಾಬ್ದಾರಿ, ಉಳಿದವರ ಬಾಯಿಗೆ ಅವರವರೇ. ಯಾರದಾದರೂ ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ನಾನು ಸುಮ್ಮನಿರುವುದಿಲ್ಲ.

ಹೋದ ವಾರ ಜಗಳ ಆಗಿತ್ತು. 'ನೀನು ನೆಟ್ಟಗಿದ್ರೆ ಅವನ್ಯಾಕೆ ಕುಡೀತಿದ್ದ' ಎಂದು ಒಬ್ಬರು ಇನ್ನೊಬ್ಬರಿಗೆ ಅಂದುಬಿಟ್ಟರು. ಅನ್ನಿಸಿಕೊಂಡವರು ಅತ್ತರು, ಎದ್ದು ಹೋಗಲು ನೋಡಿದರು. ನಾನು ಗಾಬರಿಯಾಗಿ ನಡುವೆ ಬಾಯಿ ಹಾಕಿ, ಕುಡಿತ ಕಾಯಿಲೆ, ಹೆಂಡತಿಯ ತಪ್ಪಲ್ಲ ಎಂದು ಹತ್ತು ನಿಮಿಷ ಭಾಷಣ ಮಾಡಿದೆ. ಹೇಳಿದ್ದೆಲ್ಲ ನಿಜವೇ. ಎಲ್ಲರೂ ತಲೆ ಆಡಿಸಿದರು. ಆಮೇಲೆ ಯಾರೂ ಮಾತಾಡಲಿಲ್ಲ. ಬಸ್ಸಿನಲ್ಲಿ ಬರುವಾಗ ಅದೇ ಕೊರೆಯುತ್ತಿತ್ತು. ಅಂದವರೂ ಕುಡುಕ ಗಂಡನ ಜೊತೆಯೇ ಬಾಳುತ್ತಿರುವವರು. ಆ ಮಾತು ಅವರಿಗೆ ಎಲ್ಲಿಂದ ಬಂತು, ಯಾರು ಅವರಿಗೆ ಹಾಗೆ ಅಂದಿದ್ದರು ಎಂದು ಕೇಳಬಹುದಿತ್ತು.

ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಾ ನನ್ನ ಜೊತೆ ಫೀಲ್ಡ್‌ವರ್ಕ್‌ಗೆ ಬರುವ ಹುಡುಗಿ 'ಗುಂಪು ಒಡೆದುಹೋಯ್ತಾ ಮೇಡಂ?' ಎಂದು ಕೇಳಿದ್ದಳು. ಇಲ್ಲ ಎಂದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಗುಂಪಿನ ನಾಲ್ಕು ಹಂತ ಹೇಳಿದಾಗ ಎರಡನೆಯದೇ ಜಗಳ. ಮೊದಲು ಸೇರುವುದು, ಆಮೇಲೆ ಜಗಳ, ಆಮೇಲೆ ಒಂದು ಕಟ್ಟುಪಾಡು, ಕೊನೆಗೆ ಕೆಲಸ. ಗುಂಪು ಮುಗಿಸಿ ಚದುರುವ ಐದನೇ ಹಂತ ಸೇರಿದ್ದು 1977ರಲ್ಲಿ. ಎಲ್ಲ ಗುಂಪೂ ಹೀಗೇ ಸಾಲಾಗಿ ನಡೆಯುವುದಿಲ್ಲ. ಆದರೂ ಜಗಳ ಆಡುವಷ್ಟು ಸಲಿಗೆ ಬಂತು ಎಂದು ನೋಡಲು ಆ ಹುಡುಗಿಗೆ ಇದು ಸಹಾಯ ಆಯ್ತು. ನನಗೂ ಆಯ್ತು.

ಇವತ್ತು ಕುರ್ಚಿ ಬೇಡ ಎಂದು ನಾನೂ ಜಮಖಾನದ ಮೇಲೆ ಕೂತೆ. ಸಂಘದಲ್ಲಿ ಮುಂದಾಳಾಗಿರುವ ಒಬ್ಬರು ಎಲ್ಲರ ಪರವಾಗಿ ತಾವೇ ಮಾತಾಡಿಬಿಡುತ್ತಾರೆ. ಅವರ ಎದುರಿಗೆ ಕೂರದೆ ಪಕ್ಕದಲ್ಲಿ ಕೂತೆ. ಎದುರಿಗಿದ್ದರೆ ಕಣ್ಣಿಗೆ ಕಣ್ಣು ಸಿಗುತ್ತದೆ, ಮಾತು ಜಾಸ್ತಿ ಆಗುತ್ತದೆ. ಪಕ್ಕದಲ್ಲಿದ್ದರೆ ತಾನಾಗಿಯೇ ಕಡಿಮೆ ಆಗುತ್ತದೆ. ಅವರಿಗೆ ಅವಮಾನವೂ ಇಲ್ಲ. ಮೂರು ವಾರದಿಂದ ಬಾಯಿ ಬಿಡದವರು ನನ್ನ ಎದುರಿಗೆ ಬಂದರು.

'ಹೋದ ವಾರ ಮಾತು ಅರ್ಧಕ್ಕೆ ನಿಂತಿತ್ತು, ನಾನೇ ಜಾಸ್ತಿ ಮಾತಾಡಿಬಿಟ್ಟೆ' ಎಂದು ಶುರು ಮಾಡಿ ಸುಮ್ಮನಾದೆ.

ಯಾರೂ ಮಾತಾಡಲಿಲ್ಲ. ಫ್ಯಾನಿನ ಸದ್ದು. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹೋಯ್ತು. ಹುಡುಗಿ ನನ್ನ ಮುಖ ನೋಡಿದಳು. ಏನಾದರೂ ಕೇಳಿಬಿಡೋಣ ಅನ್ನಿಸಿತು. ಮೌನ ನನಗೆ ಕಷ್ಟ ಅಂತ ತುಂಬಿಸಿದರೆ ಅದು ಅವರಿಗಾಗಿ ಅಲ್ಲ, ನನಗಾಗಿ. ನಿಧಾನಕ್ಕೆ ಉಸಿರು ಎಣಿಸಿದೆ.

ಎದುರಿಗಿದ್ದವರು ಸೆರಗಿನ ತುದಿ ಸುತ್ತುತ್ತಾ ಹೇಳಿದರು: 'ನಮ್ಮತ್ತೇನೂ ನಂಗೆ ಹಂಗೇ ಅಂತಾರೆ. ನಿನ್ ಕಾಲ್ಗುಣ ಅಂತಾರೆ.'

ಹೇಳಿ ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆಯೇ ನೋಡಿದರು. ಬೇಕೆಂದೇ ನಾನು ಕಣ್ಣು ತೆಗೆದು ಉಳಿದವರ ಮುಖಗಳ ಕಡೆ ತಿರುಗಿದೆ. ಆಗ ಅವರ ಕಣ್ಣೂ ಅತ್ತ ತಿರುಗಿತು. ಹೋದ ವಾರ ಚುಚ್ಚಿದವರೇ ಬಾಯಿ ತೆರೆದರು: 'ನನ್ಗೂ ಅಂದವ್ರೆ ಕಣಕ್ಕ. ಅದ್ಕೇ ನಂಗೂ ಹಂಗೇ ಬಾಯ್ಗೆ ಬಂತು.' ಅತ್ತಿದ್ದವರು ಏನೂ ಅನ್ನಲಿಲ್ಲ. ಸ್ವಲ್ಪ ಸರಿದು ಅವರಿಗೆ ಜಾಗ ಕೊಟ್ಟರು.

ಗುಂಪು ಚಿಕಿತ್ಸೆಯ ಬಗ್ಗೆ ಬರೆದ ಮನೋವೈದ್ಯ ಇರ್ವಿನ್ ಯಾಲಮ್, ಗುಂಪು ಜನರನ್ನು ಗುಣಪಡಿಸುವ ಬಗೆಗಳಲ್ಲಿ ಇದನ್ನೂ ಹೇಳುತ್ತಾರೆ: ನನಗೊಬ್ಬಳಿಗೇ ಅಲ್ಲ ಎಂದು ಗೊತ್ತಾಗುವುದು. ನಾನು ನೂರು ಸಲ ಹೇಳಿದರೂ ಅದು ಬರುವುದಿಲ್ಲ. ಆ 'ಕಣಕ್ಕ'ದಲ್ಲಿ ಬಂತು.

ಆಮೇಲೆ ಇಪ್ಪತ್ತು ನಿಮಿಷ ನನ್ನನ್ನು ಯಾರೂ ನೋಡಲಿಲ್ಲ. ನನಗೆ ಎಷ್ಟು ಸಂತೋಷ ಆಯಿತು ಎಂದು ಹೇಳಲಾರೆ.

ಒಂದು ಕಡೆ ಮಾತ್ರ ತಡೆಯಲೇಬೇಕಾಯಿತು. ಒಬ್ಬರು ಗಂಡನನ್ನು ನಾಲ್ಕು ದಿನ ರೂಮಿನಲ್ಲಿ ಕೂಡಿಹಾಕಿ ಬಿಡಿಸುತ್ತೇನೆ ಎಂದರು. ಉಳಿದವರು ಹೂಂ ಹೂಂ ಎಂದರು. ಬೆಳಗ್ಗೆ ಎದ್ದ ತಕ್ಷಣ ಕುಡಿಯದಿದ್ದರೆ ಕೈ ನಡುಗುತ್ತದಂತೆ ಆ ಮನುಷ್ಯನಿಗೆ. ಅಂಥವರು ಒಂದೇ ಸಲ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲೇ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವವೂ ಹೋಗಬಹುದು. ಇದನ್ನು ಸ್ಪಷ್ಟವಾಗಿ, ಎರಡೇ ನಿಮಿಷದಲ್ಲಿ ಹೇಳಿದೆ. ಬಿಡಿಸುವುದು ಡಾಕ್ಟರ ಕಣ್ಣೆದುರು ಆಗಬೇಕು. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಹುಡುಗಿ ನಂಬರನ್ನು ದೊಡ್ಡದಾಗಿ ಚೀಟಿಯಲ್ಲಿ ಬರೆದುಕೊಟ್ಟಳು. ಹೇಳಿ ಮತ್ತೆ ಸುಮ್ಮನಾದೆ.

ಒಟ್ಟು ಎಂಟು ಸಭೆ. ಇನ್ನು ನಾಲ್ಕೇ ಉಳಿದಿವೆ ಎಂದು ಇವತ್ತೇ ನೆನಪಿಸಿದೆ. ಕೊನೆಯ ದಿನ ಹೇಳಿ ಎದ್ದು ಬರುವುದು ನನಗೆ ಸರಿ ಕಾಣುವುದಿಲ್ಲ.

ನಾಲ್ಕೂವರೆ ಆಯ್ತು. ಕೂಡಿಹಾಕುತ್ತೇನೆ ಎಂದಿದ್ದ ಆ ಹೆಂಗಸು ಗುರುವಾರ ಗಂಡನನ್ನು ಹೇಗಾದರೂ ಒಪ್ಪಿಸಿ ಮಿಮ್ಸ್‌ಗೆ ಕರೆದೊಯ್ಯುತ್ತಾರೆ. ಎದುರಿಗೆ ಕೂತಿದ್ದ, ಇಷ್ಟು ದಿನ ಮಾತಾಡದ ಅವರು 'ನಾನೂ ಬತ್ತೀನಿ, ಚೀಟಿ ಮಾಡ್ಸೋದು ನಂಗೊತ್ತು' ಎಂದರು. ನಾನು ಬರಬೇಕಾ ಎಂದು ಕೇಳಿದೆ.

'ಬ್ಯಾಡ ಬುಡಿ ಮೇಡಂ, ನಾವೇ ಹೋಯ್ತೀವಿ' ಎಂದರು ಇಬ್ಬರೂ. ಜಮಖಾನ ಮಡಚಿಟ್ಟು ಹಾಲು ಕರೆಯಲು ಹೊರಟರು.