ಮೇಜಿನ ಮೇಲಿದ್ದ ಹಳದಿ ಚೀಟಿ

2011ರ ಜುಲೈ 22. ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಮಧ್ಯಾಹ್ನ 3 ಗಂಟೆ 25 ನಿಮಿಷ. ಸರ್ಕಾರಿ ಕಚೇರಿಗಳ ಮುಂದೆ ನಿಲ್ಲಿಸಿದ್ದ ವ್ಯಾನ್‌ನಲ್ಲಿ ಬಾಂಬ್ ಸಿಡಿದು 8 ಜನ ಸತ್ತರು. ಹತ್ತು ನಿಮಿಷ ಕಳೆಯುವುದರೊಳಗೆ ಒಬ್ಬ ದಾರಿಹೋಕ ಪೊಲೀಸರಿಗೆ ಫೋನ್ ಮಾಡಿದ. ಪೊಲೀಸ್ ಬಟ್ಟೆ, ಹೆಲ್ಮೆಟ್ ಹಾಕಿಕೊಂಡ ಒಬ್ಬ ಮನುಷ್ಯ ಪಿಸ್ತೂಲು ಹಿಡಿದು ಒಬ್ಬನೇ ನಡೆದು ಹೋದ, ಒಂದು ಕಾರು ಹತ್ತಿದ ಅಂತ ಹೇಳಿದ. ಕಾರಿನ ನಂಬರನ್ನೂ ಕೊಟ್ಟ. ಫೋನ್ ಎತ್ತಿದವರು ಅದನ್ನು ಒಂದು ಹಳದಿ ಚೀಟಿಯಲ್ಲಿ ಬರೆದು ಮೇಲಿನವರ ಮೇಜಿನ ಮೇಲೆ ಇಟ್ಟರು. ಸುಮಾರು 20 ನಿಮಿಷ ಆ ಚೀಟಿ ಅಲ್ಲೇ ಬಿದ್ದಿತ್ತು.

ಅಷ್ಟರಲ್ಲಿ ಬಾಂಬ್ ಇಟ್ಟಿದ್ದ ಆ ಮನುಷ್ಯ ಊರು ದಾಟುತ್ತಿದ್ದ. ಸಂಜೆ 5 ಗಂಟೆ 21 ನಿಮಿಷಕ್ಕೆ ಉಟೋಯಾ ಅನ್ನುವ ಸಣ್ಣ ದ್ವೀಪದಲ್ಲಿ ಗುಂಡಿನ ಸದ್ದು ಶುರುವಾಯಿತು. ಅಲ್ಲಿ ಲೇಬರ್ ಪಕ್ಷದ ಯುವಕರ ಬೇಸಿಗೆ ಶಿಬಿರ ನಡೆಯುತ್ತಿತ್ತು. 69 ಜನ ಸತ್ತರು. ಬಹಳಷ್ಟು ಮಂದಿ ಇನ್ನೂ ಹೈಸ್ಕೂಲು, ಪಿಯುಸಿ ಓದುವ ವಯಸ್ಸಿನವರು.

ಊರಿಗೆ ಫೋನ್ ಮಾಡಿದಾಗಲೆಲ್ಲ ಸೋದರಮಾವ ಕೇಳುತ್ತಾರೆ, "ಅದೇನಪ್ಪ ನಿನ್ನ ಕೆಲಸ? ಭಯೋತ್ಪಾದನೆ ಬಗ್ಗೆ ಸಂಶೋಧನೆ ಅಂದ್ರೆ ಪೊಲೀಸ್ ಕೆಲಸಾನಾ?" ಅಲ್ಲ ಮಾವ, ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಈ ಸಲ ಸರಿಯಾಗಿ ಉತ್ತರ ಕೊಡೋಣ ಅನ್ನಿಸಿತು. ಹಾಗಾಗಿ ಈ ಬರಹ.

ನನ್ನ ಕೆಲಸ ಹೆಚ್ಚಾಗಿ ಓದುವುದು. ಕೋರ್ಟಿನ ತೀರ್ಪುಗಳು, ತನಿಖೆಯ ವರದಿಗಳು, ಹಳೆಯ ಪತ್ರಿಕೆಗಳು. ಒಂದೊಂದು ಘಟನೆಯನ್ನೂ ಪಟ್ಟಿಗೆ ಸೇರಿಸಬೇಕು. ದಿನ ಯಾವುದು, ಜಾಗ ಯಾವುದು, ಒಬ್ಬನೇ ಮಾಡಿದನಾ ಗುಂಪಾ, ಯಾರ ಮೇಲೆ, ಯಾವ ಆಯುಧದಿಂದ. ಕುಡಿದ ಅಮಲಿನ ಜಗಳವೋ, ದ್ವೇಷದಿಂದ ಆರಿಸಿಕೊಂಡು ಹೊಡೆದದ್ದೋ ಅನ್ನುವುದನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ತೀರ್ಮಾನಿಸುತ್ತೇವೆ. ಉತ್ತರ ಹೊಂದದಿದ್ದರೆ ಮತ್ತೆ ಕೂತು ಓದುತ್ತೇವೆ. ಕೆಲವು ದಿನ ಒಂದೇ ಸಾಲು ತುಂಬಲು ಇಡೀ ಮಧ್ಯಾಹ್ನ ಬೇಕು. ಆ ಸಾಲಿನಲ್ಲಿ ವಯಸ್ಸು 15 ಅಂತ ಬರೆಯುವಾಗ ಕೈ ನಿಂತುಬಿಡುತ್ತದೆ.

ಆ 15 ವರ್ಷದ ಹುಡುಗ ಬೆಂಜಮಿನ್ ಹರ್ಮನ್ಸನ್. ಅವನ ಅಪ್ಪ ಘಾನಾ ಮೂಲದವರು, ಅಮ್ಮ ನಾರ್ವೆಯವರು. 2001ರ ಜನವರಿ 26ರ ರಾತ್ರಿ ಓಸ್ಲೋದ ಹೋಲ್ಮ್‌ಲಿಯಾ ಬಡಾವಣೆಯಲ್ಲಿ, ಮನೆಯ ಹತ್ತಿರವೇ, ನವನಾಜಿ ಗುಂಪಿನವರು ಅವನನ್ನು ಚಾಕುವಿನಿಂದ ಇರಿದು ಕೊಂದರು. ಅವನ ಮೈಬಣ್ಣ ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ಆಮೇಲೆ ಸಾವಿರಾರು ಜನ ದೀವಟಿಗೆ ಹಿಡಿದು ಓಸ್ಲೋದ ಬೀದಿಗಳಲ್ಲಿ ನಡೆದರು. ಇಲ್ಲಿನವರು ಅವನನ್ನು ಇವತ್ತಿಗೂ ಮರೆತಿಲ್ಲ.

ಉಟೋಯಾದಲ್ಲಿ ಗುಂಡು ಹಾರಿಸಿದವನ ಹೆಸರನ್ನು ನಾನು ಬರೆಯುವುದಿಲ್ಲ. ಅದು ಗುಟ್ಟೇನಲ್ಲ, ಎಲ್ಲರಿಗೂ ಗೊತ್ತು. ಆದರೆ ಅವನಿಗೆ ಬೇಕಾಗಿದ್ದದ್ದೇ ಹೆಸರು. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ಇವನಿಂದ ಸ್ಫೂರ್ತಿ ಪಡೆದೆ ಅಂತ ಬರೆದುಕೊಂಡಿದ್ದ. ಅವನನ್ನು ನೋಡಿ ಅದೇ ವರ್ಷ ಆಗಸ್ಟ್ 10ರಂದು ಓಸ್ಲೋ ಪಕ್ಕದ ಬೇರುಮ್‌ನಲ್ಲಿ ಇನ್ನೊಬ್ಬ ಯುವಕ ಬಂದೂಕು ಹಿಡಿದು ಮಸೀದಿಗೆ ನುಗ್ಗಿದ. ಅದಕ್ಕೂ ಮೊದಲು ಮನೆಯಲ್ಲೇ 17 ವರ್ಷದ ಮಲತಂಗಿಯನ್ನು ಕೊಂದಿದ್ದ. ಚೀನಾದಿಂದ ದತ್ತು ಬಂದಿದ್ದ ಹುಡುಗಿ. ಮಸೀದಿಯಲ್ಲಿ ಆಗ ಇದ್ದದ್ದು ಮೂರೇ ಜನ ಹಿರಿಯರು. ಅವರಲ್ಲಿ ಒಬ್ಬರು ಮೊಹಮ್ಮದ್ ರಫೀಕ್, ಪಾಕಿಸ್ತಾನದ ವಾಯುಪಡೆಯಿಂದ ನಿವೃತ್ತರಾದವರು, ವಯಸ್ಸು 65. ಅವರು ಅವನ ಮೇಲೆ ಬಿದ್ದು ಅದುಮಿ ಹಿಡಿದರು. ಮಸೀದಿಯಲ್ಲಿ ಯಾರೂ ಸಾಯಲಿಲ್ಲ.

ಆ ಯುವಕನ ಬಗ್ಗೆ ಒಂದು ವರ್ಷ ಮುಂಚೆಯೇ ಇಲ್ಲಿನ ಭದ್ರತಾ ಪೊಲೀಸರಿಗೆ ಸುಳಿವು ಬಂದಿತ್ತು. ಅದರಲ್ಲಿ ಸ್ಪಷ್ಟವಾದ ವಿಷಯ ಇರಲಿಲ್ಲ ಅಂತ ಆಮೇಲೆ ಅವರೇ ಹೇಳಿದರು. ಇಲ್ಲಿ ನನಗೆ ಮತ್ತೆ ಆ ಹಳದಿ ಚೀಟಿ ಕಾಣುತ್ತದೆ. ಸಾಮಾನ್ಯವಾಗಿ ಯಾರೋ ಒಬ್ಬರು ಏನನ್ನೋ ನೋಡಿರುತ್ತಾರೆ. ಟೀಚರ್, ಅಣ್ಣ, ಹಳೆಯ ಗೆಳೆಯ, ಯಾರೋ ಒಬ್ಬರು. ಅವರು ಯಾರಿಗೆ ಹೇಳಬೇಕು? ಕೇಳಿಸಿಕೊಂಡವರು ಏನು ಮಾಡಬೇಕು? ಬಂದ ನೂರು ಸುಳಿವುಗಳಲ್ಲಿ ನಿಜವಾದ ಅಪಾಯ ಯಾವುದು ಅಂತ ಹೇಗೆ ತಿಳಿಯಬೇಕು? ನಮ್ಮ ಸಂಶೋಧನೆಯ ತಿರುಳು ಇದೇ. ಮುಖ ನೋಡಿ ಭಯೋತ್ಪಾದಕನನ್ನು ಗುರುತಿಸುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಜುಲೈ 22ರ ಮೊದಲ ಗಂಟೆಗಳಲ್ಲಿ ಟಿವಿಯಲ್ಲಿ ಕೂತ ಪರಿಣತರು ಅಲ್ ಖೈದಾ ಕಡೆ ಬೆರಳು ತೋರಿಸಿದ್ದರು. ಸಿಕ್ಕಿಬಿದ್ದವನು ಓಸ್ಲೋದಲ್ಲೇ ಬೆಳೆದ, ಹೊಂಬಣ್ಣದ ಕೂದಲಿನ, 32 ವರ್ಷದ ನಾರ್ವೆಯವನು.

ಈ ವಿಷಯದಲ್ಲಿ ನಾನು ಜಾಸ್ತಿ ಕಲಿತದ್ದು ತೂರೆ ಬ್ಯೋರ್ಗೊ ಅವರ ಬರಹಗಳಿಂದ. ಓಸ್ಲೋ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಶುರುವಾದ ಉಗ್ರವಾದ ಅಧ್ಯಯನ ಕೇಂದ್ರಕ್ಕೆ ಅವರೇ ಮೊದಲ ನಿರ್ದೇಶಕರು. ನವನಾಜಿ ಗುಂಪುಗಳಿಗೆ ಸೇರಿದ ಹುಡುಗರನ್ನು 1990ರ ದಶಕದಲ್ಲೇ ಮಾತನಾಡಿಸಿದವರು. ಸಿದ್ಧಾಂತ ಒಪ್ಪಿಕೊಂಡು ಆಮೇಲೆ ಗುಂಪು ಸೇರುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಅವರು ಕಂಡದ್ದು ಬೇರೆ. ಎಷ್ಟೋ ಹುಡುಗರು ಮೊದಲು ಗುಂಪು ಸೇರಿದ್ದರು. ಸ್ಕೂಲಿನಲ್ಲಿ ಹೊಡೆತ ತಿಂದವನಿಗೆ ಅಲ್ಲಿ ರಕ್ಷಣೆ ಸಿಕ್ಕಿತು. ಒಂಟಿಯಾಗಿದ್ದವನಿಗೆ ಗೆಳೆಯರು ಸಿಕ್ಕಿದರು. ದ್ವೇಷದ ಮಾತುಗಳನ್ನು ಆಮೇಲೆ ಕಲಿತರು. ಹೊರಗೆ ಬರುವಾಗಲೂ ಕಾರಣಗಳು ಹಾಗೇ ಇರುತ್ತವೆ. ಸುಸ್ತಾಗುತ್ತದೆ. ಹುಡುಗಿ ಸಿಗುತ್ತಾಳೆ, ಮಗು ಆಗುತ್ತದೆ. ಗುಂಪಿನವರೇ ಮೋಸ ಮಾಡುತ್ತಾರೆ. ಬಿಟ್ಟು ಬರಬೇಕು ಅನ್ನಿಸಿದಾಗ ಹೋಗುವುದೆಲ್ಲಿಗೆ? ಹಳೆಯ ಗೆಳೆಯರು ದೂರವಾಗಿರುತ್ತಾರೆ, ಕೆಲಸ ಕೊಡುವವರಿಲ್ಲ, ಗುಂಪಿನವರ ಭಯ ಬೇರೆ.

ಹಾಗಾಗಿ 1997ರಲ್ಲಿ ನಾರ್ವೆಯಲ್ಲಿ 'ಎಕ್ಸಿಟ್' ಅನ್ನುವ ಯೋಜನೆ ಶುರುವಾಯಿತು. ಮರುವರ್ಷ ಸ್ವೀಡನ್, 2000ದಲ್ಲಿ ಜರ್ಮನಿ ಅದೇ ದಾರಿ ಹಿಡಿದವು. ನಾರ್ವೆಯವರು ಮಾಡಿದ ಮುಖ್ಯ ಕೆಲಸ ಅಂದರೆ ಅಪ್ಪ ಅಮ್ಮಂದಿರನ್ನು ಒಟ್ಟಿಗೆ ಕೂರಿಸಿದ್ದು. ಮಗ ನಾಜಿ ಗುಂಪಿನಲ್ಲಿದ್ದಾನೆ ಅಂತ ಯಾರ ಮುಂದೆ ಹೇಳಿಕೊಳ್ಳುವುದು? ನಾಚಿಕೆಯಿಂದ ಮನೆಯೊಳಗೇ ಕೊರಗುತ್ತಿದ್ದ ತಂದೆತಾಯಿ ಅಲ್ಲಿ ತಮ್ಮಂಥವರೇ ಇನ್ನೂ ಇದ್ದಾರೆ ಅಂತ ಕಂಡುಕೊಂಡರು. ಮಗ ಎಲ್ಲಿಗೆ ಹೋಗುತ್ತಾನೆ, ಯಾರ ಜೊತೆ ಸೇರುತ್ತಾನೆ ಅನ್ನುವುದನ್ನು ಪರಸ್ಪರ ತಿಳಿಸಿಕೊಂಡರು.

ಪೊಲೀಸರಿಗೂ ಇಲ್ಲಿ ಒಂದು ಪದ್ಧತಿ ಇದೆ. ಬೆಕೀಮ್ರಿಂಗ್ಸ್‌ಸಮ್ತಾಲೆ ಅಂತ ಕರೆಯುತ್ತಾರೆ. 'ಕಳವಳದ ಮಾತುಕತೆ' ಅನ್ನಬಹುದು. ಹುಡುಗ ದಾರಿ ತಪ್ಪುತ್ತಿದ್ದಾನೆ ಅಂತ ಗೊತ್ತಾದರೆ ಅವನನ್ನೂ ಮನೆಯವರನ್ನೂ ಕರೆದು ಕೂತು ಮಾತಾಡುತ್ತಾರೆ. ಅದು ವಿಚಾರಣೆ ಅಲ್ಲ. ನಿನ್ನ ಬಗ್ಗೆ ಹೀಗೆ ಕೇಳಿದೆವು, ನಮಗೆ ಚಿಂತೆಯಾಗಿದೆ, ಏನು ನಡೀತಿದೆ ಅಂತ ಕೇಳುತ್ತಾರೆ. ಮೊದಲ ಸಲ ಇದನ್ನು ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಪೊಲೀಸರು ಕರೆದರೆ ಮಾನ ಹೋಯಿತು ಅನ್ನುವ ಊರಿನಿಂದ ಬಂದವನು ನಾನು. ಇದರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ಇಲ್ಲಿ ಯಾರೂ ಹೇಳುವುದಿಲ್ಲ. ಒಂದು ಸಮುದಾಯದ ಹುಡುಗರನ್ನೇ ಪದೇ ಪದೇ ಕರೆದರೆ ಇದ್ದ ನಂಬಿಕೆಯೂ ಹೋಗುತ್ತದೆ. ಆಮೇಲೆ ಯಾವ ತಾಯಿಯೂ ಬಾಯಿ ಬಿಡುವುದಿಲ್ಲ.

ಇದು ದೂರದ ದೇಶದ ವಿಷಯ ಅಂದುಕೊಳ್ಳಬೇಡಿ. 2014ರ ಡಿಸೆಂಬರ್‌ನಲ್ಲಿ ಬೆಂಗಳೂರು ಪೊಲೀಸರು 24 ವರ್ಷದ ಒಬ್ಬ ಎಂಜಿನಿಯರನ್ನು ಬಂಧಿಸಿದ್ದು ನೆನಪಿರಬಹುದು. ಐಸಿಸ್ ಪರವಾಗಿ ಬರೆಯುತ್ತಿದ್ದ ಟ್ವಿಟರ್ ಖಾತೆಯೊಂದನ್ನು ನಡೆಸುತ್ತಿದ್ದ ಅನ್ನುವುದು ಆಗಿನ ಆರೋಪ. ಸಿರಿಯಾಕ್ಕೆ ಹೋದ ಯುರೋಪಿನ ಹುಡುಗರಲ್ಲಿ ಎಷ್ಟೋ ಜನ ಓದುತ್ತಿದ್ದ ಆ ಖಾತೆಯ ಮೇಲೆ ಲಂಡನ್ನಿನ ಸಂಶೋಧಕರು ಕಣ್ಣಿಟ್ಟಿದ್ದರು. ಅದರ ಹಿಂದಿನ ಮನುಷ್ಯ ಕೂತಿದ್ದದ್ದು ನಮ್ಮ ಬೆಂಗಳೂರಿನಲ್ಲಿ.

ಜುಲೈ 22ರ ಬಗ್ಗೆ ತನಿಖೆಗೆ ಸರ್ಕಾರ ನೇಮಿಸಿದ್ದ ಯೋರ್ವ್ ಆಯೋಗ 2012ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಒಂದು ದೇಶ ತನ್ನ ತಪ್ಪನ್ನು ಇಷ್ಟು ನೇರವಾಗಿ ಬರೆದುಕೊಂಡಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಸರ್ಕಾರಿ ಕಚೇರಿಗಳ ಮುಂದಿನ ರಸ್ತೆ ಮುಚ್ಚಬೇಕು ಅಂತ ವರ್ಷಗಳ ಹಿಂದೆಯೇ ತೀರ್ಮಾನವಾಗಿತ್ತು. ಮುಚ್ಚಿರಲಿಲ್ಲ. ಬಾಂಬ್ ದಾಳಿಯನ್ನು ತಡೆಯಬಹುದಿತ್ತು, ಹಂತಕನನ್ನು ಇನ್ನೂ ಬೇಗ ಹಿಡಿಯಬಹುದಿತ್ತು ಅಂತ ಆಯೋಗ ಹೇಳಿತು. ದ್ವೀಪಕ್ಕೆ ಹೊರಟ ಪೊಲೀಸರ ರಬ್ಬರ್ ದೋಣಿಗೆ ಭಾರ ಜಾಸ್ತಿಯಾಗಿ ನೀರು ನುಗ್ಗಿತು. ಅವರು ನಡುನೀರಿನಲ್ಲಿ ಜನಸಾಮಾನ್ಯರ ದೋಣಿಗೆ ಹತ್ತಿಕೊಂಡು ಹೋದರು. 6 ಗಂಟೆ 34 ನಿಮಿಷಕ್ಕೆ ಅವನು ಶರಣಾದ. ಗುಂಡು ಶುರುವಾಗಿ ಒಂದು ಗಂಟೆ ದಾಟಿತ್ತು.

ಹೋದ ಬೇಸಿಗೆಯಲ್ಲಿ ನಾನು ಉಟೋಯಾಗೆ ಹೋಗಿದ್ದೆ. 'ಥೋರ್‌ಬ್ಯೋರ್ನ್' ಅನ್ನುವ ದೋಣಿ ಹತ್ತಿದರೆ ಕೆಲವೇ ನಿಮಿಷದ ದಾರಿ. ಅಲ್ಲಿನ ಹಳೆಯ ಕ್ಯಾಂಟೀನ್ ಕಟ್ಟಡದಲ್ಲಿ 13 ಜನ ಸತ್ತಿದ್ದರು. ಅದನ್ನು ಕೆಡವಲಿಲ್ಲ. ಸುತ್ತ ಹೊಸ ಕಟ್ಟಡ ಕಟ್ಟಿ ಅದನ್ನು ಒಳಗೆ ಉಳಿಸಿಕೊಂಡಿದ್ದಾರೆ. ಚಾವಣಿಯನ್ನು 69 ಮರದ ಕಂಬಗಳು ಹೊತ್ತಿವೆ, ಸತ್ತವರಿಗೆ ಒಂದೊಂದು. ಹೊರಗೆ ಬೇಲಿಯಂತೆ ನಿಂತಿರುವ 495 ಸಣ್ಣ ಕಂಬಗಳು ಬದುಕಿ ಬಂದವರಿಗೆ. ನಾನು ಆ ಹೊರಗಿನ ಕಂಬಗಳ ಮೇಲೆ ಕೈ ಆಡಿಸುತ್ತ ಒಂದು ಸುತ್ತು ನಡೆದೆ. ಮುಗಿಯುವುದಕ್ಕೆ ತುಂಬ ಹೊತ್ತು ಹಿಡಿಯಿತು.

ದಡದಲ್ಲಿ ನಿಂತರೆ ಎದುರಿನ ಕ್ಯಾಂಪಿಂಗ್ ಜಾಗ ಕಾಣುತ್ತದೆ. ಆ ಸಂಜೆ ಅಲ್ಲಿದ್ದ ಕೆಲವರಿಗೆ ಗುಂಡಿನ ಸದ್ದು ಮೊದಲು ಪಟಾಕಿಯಂತೆ ಕೇಳಿಸಿತ್ತು. ಆಮೇಲೆ ತಣ್ಣೀರಿನಲ್ಲಿ ಈಜಿಕೊಂಡು ಬರುವ ಮಕ್ಕಳ ತಲೆಗಳು ಕಂಡವು. ಅವರಿಗೆ ಯಾರ ಆದೇಶವೂ ಇರಲಿಲ್ಲ. ಏನು ನಡೆಯುತ್ತಿದೆ ಅಂತಲೂ ಪೂರ್ತಿ ಗೊತ್ತಿರಲಿಲ್ಲ. ರಜೆಗೆ ಬಂದಿದ್ದ ಒಬ್ಬ ಜರ್ಮನ್ ಪ್ರಜೆ, ಅಕ್ಕಪಕ್ಕದ ಮನೆಯವರು, ಟೆಂಟ್ ಹಾಕಿಕೊಂಡಿದ್ದವರು ತಮ್ಮ ತಮ್ಮ ದೋಣಿಗಳನ್ನು ನೀರಿಗೆ ಇಳಿಸಿದರು. ಗುಂಡು ಹಾರುತ್ತಿರುವಾಗಲೇ ಮಕ್ಕಳನ್ನು ಎತ್ತಿ ದೋಣಿಗೆ ಹಾಕಿಕೊಂಡರು. ದಡಕ್ಕೆ ಬಿಟ್ಟು ಮತ್ತೆ ಹೋದರು.